ಹಿತ್ತಲ ತೊಟ್ಟಿಯ ಕೆಂಪು ಸೀಗಡಿ

"ಕೈ ತೆಗೀರಿ! ಏ... ಮೊದಲ ಕೈ ತೆಗೀರಿ ಅಂತೇನಿ!"

ಮಥುರಾ ಬೆಚ್ಚಿಬಿದ್ದಳು. ಮೊಣಕೈವರೆಗೆ ನೀರಿನಲ್ಲಿ ಮುಳುಗಿಸಿದ್ದ ಕೈಗಳನ್ನು ತೆಗೆಯುವಷ್ಟು ಪುರುಸೊತ್ತೂ ಸಿಗಲಿಲ್ಲ. ಯಾರೋ ಓಡಿ ಬಂದು ಅವಳ ಮುಂಗೈ ಹಿಡಿದು ಮೇಲಕ್ಕೆ ಎಳೆದೇಬಿಟ್ಟರು.

ನೋಡಿದರೆ ಗುರುತಿಲ್ಲದ ಗಂಡಸು! ಅದೂ ಅವಳದೇ ಮನೆಯ ಹಿತ್ತಲಲ್ಲಿ!

"ಕೈ ಬಿಡ್ರಿ! ಯಾರ್ರಿ ನೀವು? ನಮ್ಮ ಮನ್ಯಾಗ ನಿಂತು ನನ್ನ ಕೈ ಹಿಡೀತೀರಿ?"

ಅವನು ತಟ್ಟನೆ ಬಿಟ್ಟ. ಆದರೆ ಅವನ ಕಣ್ಣು ಅವಳ ಮೇಲಿರಲಿಲ್ಲ. ಸಿಮೆಂಟಿನ ತೊಟ್ಟಿಯೊಳಗೇ ನೆಟ್ಟಿತ್ತು.

"ಕೈಗೆ ಏನ್ ಹತ್ತಿತ್ರಿ? ಸಬಕಾರದ ನೊರಿ?"

"ಮೆಣಸಿನಕಾಯಿ! ಕೈ ಉರೀಲಿಕ್ಕತ್ತಾವ, ಅದಕ್ಕ ನೀರಾಗ ಇಟ್ಟೆ. ನಮ್ಮ ಟಾಕಿ, ನಮ್ಮ ನೀರು. ನಿಮಗೇನಾತು?"

"ಮೆಣಸಿನಕಾಯಿ..." ಎಂದವನೇ ತಲೆಯ ಮೇಲೆ ಕೈ ಹೊತ್ತು ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ಮಥುರಾ ಬ್ಯಾಡಗಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ರಾಣೆಬೆನ್ನೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿ ಕೆಲವು ದಿನ ಹಾವೇರಿಯಲ್ಲಿದ್ದಳು. ಆ ದಿನ ಅಲ್ಲಿಂದ ಹೊರಟು, ದಾರಿಯಲ್ಲಿ ಬ್ಯಾಡಗಿಯಲ್ಲಿಳಿದು ವರ್ಷದ ಮೆಣಸಿನಕಾಯಿ ಆರಿಸಿಕೊಂಡು ಬಂದಿದ್ದಳು. ಸುಗ್ಗಿಯ ಕಾಲ. ಕಾಯಿ ಮುರಿದು ಮೂಸಿ ನೋಡಿ ನೋಡಿ ಕೈಯೆಲ್ಲಾ ಕೆಂಡವಾಗಿತ್ತು. ತಾನಿಲ್ಲದಾಗ ಅವ್ವ ಹಿಂದಿನ ಖೋಲಿಯನ್ನು ಬಾಡಿಗೆಗೆ ಕೊಟ್ಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಬರ್ರಿ ಇಲ್ಲಿ. ನೋಡ್ರಿ," ಎಂದ ಅವನು, ಮೆಲ್ಲಗೆ.

ಬೈಯಬೇಕೆಂದೇ ಬಗ್ಗಿದಳು. 

ಪಾಚಿ ಹಿಡಿದ ಗೋಡೆಯ ಮೇಲೆ ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಜೀವಗಳು ಓಡಾಡುತ್ತಿದ್ದವು. ಕೆಲವು ಗಾಜಿನಂತೆ ತಿಳಿ. ಕೆಲವಕ್ಕೆ ಮೈತುಂಬಾ ಕೆಂಪು. ಪುಟಾಣಿ ಕೈಗಳಿಂದ ಪಾಚಿ ಕಿತ್ತು ಕಿತ್ತು ಬಾಯಿಗಿಡುತ್ತಿದ್ದವು, ಒಂದು ಕ್ಷಣವೂ ಬಿಡುವಿಲ್ಲ!

"ಹುಳ!"

"ಹುಳ ಅಲ್ರೀ. ಸೀಗಡಿ. ಹೊಳ್ಯಾಗಿನ ಸೀಗಡಿ."

ಅವನ ಹೆಸರು ವಿರೂಪಾಕ್ಷ. ಕರ್ಜಗಿಯವನು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ. ಹಗಲೆಲ್ಲ ಹೊಲದಲ್ಲಿ ನಿಂತು ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಿ ಹೊಸ ತಳಿ ಮಾಡಿಸುವವನು, ಸಂಜೆ ಮನೆಗೆ ಬಂದ ಮೇಲೂ ಸುಮ್ಮನಿರಬೇಕಲ್ಲ! ತುಂಗಭದ್ರೆಯಲ್ಲಿ ಬಲೆ ಹಾಕಿ ಸೀಗಡಿ ತಂದಿದ್ದ. ಅದರಲ್ಲಿ ಚೂರು ಕೆಂಪಿರುವುದನ್ನು ಬೇರೆ ಮಾಡಿ, ಅವುಗಳ ಮರಿಗಳಲ್ಲಿ ಇನ್ನೂ ಕೆಂಪಿನವನ್ನು ಆರಿಸಿ, ಮತ್ತೆ ಅವುಗಳ ಮರಿ... ಹೀಗೆ ವರ್ಷಗಟ್ಟಲೆ ಸಾಕುತ್ತಿದ್ದ. ಖೋಲಿ ಬದಲಿಸಿದಾಗಲೆಲ್ಲ ಹಾಸಿಗೆಗಿಂತ ಮೊದಲು ಸೀಗಡಿಯ ಡಬ್ಬಿ ಬರುತ್ತಿತ್ತು.

ಮಥುರಾಳ ತಾಯಿ ಜಾನಕೀಬಾಯಿಗೆ ವಿಷಯ ತಿಳಿದಾಗ ಮನೆಯಲ್ಲಿ ದೊಡ್ಡ ರಾಮಾಯಣವೇ ಆಯಿತು.

"ಪಾಂಡುರಂಗಾ! ನಮ್ಮ ಮನ್ಯಾಗ ಸೀಗಡಿ? ಎಮ್ಮಿಗೆ ನೀರು ಕುಡಸೋ ಟಾಕಿ ಖಾಲಿ ಅದ, ಗಿಡಾ ಬೆಳಸ್ತಾನೇನೋ ಅಂತ ಕೊಟ್ರ..."

"ತಿನ್ನಾಕಲ್ರೀ ಅಮ್ಮಾರ, ನೋಡಾಕ!"

"ನೋಡ್ಲಿಕ್ಕ ಏನದನೋ ಅದರಾಗ?"

ಅಮ್ಮನ ಈ ಪ್ರಶ್ನೆಗೆ ಉತ್ತರ ಕೊಟ್ಟವಳು ಮಗಳು. ಅಂದಿನಿಂದ ಶಾಲೆಯಿಂದ ಬಂದವಳೇ ಚಹಾದ ಕಪ್ಪು ಹಿಡಿದು ಹಿತ್ತಲಿಗೆ ನಡೆಯತೊಡಗಿದಳು. ಸೀಗಡಿ ನೋಡಲೆಂದು. ಓದುಗರೇ, ಸೀಗಡಿ ನೋಡಲೆಂದೇ ಎಂದು ಅವಳೂ ನಂಬಿದ್ದಳು.

"ಇಲ್ಲಿ ನೋಡ್ರಿ, ಇಕೀ ಬಸರಿ," ಎಂದು ಅವನು ಒಂದು ದಿನ ತೋರಿಸಿದ. ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳ ಗೊಂಚಲು. ತಾಯಿ ಸೀಗಡಿ ಕಾಲುಗಳಿಂದ ಬಿಡದೆ ಅವಕ್ಕೆ ನೀರು ಬೀಸುತ್ತಿತ್ತು.

"ಹಗಲೂ ರಾತ್ರಿ ಹಿಂಗ ಬೀಸ್ತದೇನ್ರಿ?"

"ಹಗಲೂ ರಾತ್ರಿ. ಮರಿ ಹೊರಗ ಬರೂತನಕ."

"ಸಾಕಾಗೂದಿಲ್ಲೇನು ಪಾಪ ಅದಕ್ಕ?"

ವಿರೂಪಾಕ್ಷ ಸೀಗಡಿಯನ್ನು ಮರೆತಿದ್ದ. ಅವಳನ್ನೇ ನೋಡುತ್ತಿದ್ದ. ಮಥುರಾ ಕಪ್ಪಿನಲ್ಲಿ ಇಲ್ಲದ ಚಹಾ ಕುಡಿದಳು.

ಮನೆಯ ಪಾತ್ರೆ ತಿಕ್ಕುವ ಹೊಳಿಯವ್ವ ಇದನ್ನೆಲ್ಲ ನೋಡುತ್ತಲೇ ಇದ್ದಳು. ಮಥುರಾಳನ್ನು ಕೂಸಿದ್ದಾಗಿನಿಂದ ಎತ್ತಿ ಆಡಿಸಿದವಳು. "ತಂಗೀ, ಸೀಗಡಿ ಭಾಳ ಚಂದ ಅದಾವ ಬಿಡವಾ," ಎಂದು ಮುಸಿಮುಸಿ ನಗುತ್ತಿದ್ದಳು. "ಸುಮ್ನಿರಬೇ!" ಎಂದು ಇವಳು ಕೆಂಪಾಗುತ್ತಿದ್ದಳು.

ಬೇಸಿಗೆ ಬಂತು. ಶಾಲೆಗೆ ರಜೆ. ಬಿಸಿಲಿಗೆ ತೊಟ್ಟಿಯ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಅದೇ ಹೊತ್ತಿಗೆ ವಿರೂಪಾಕ್ಷನ ತಂಗಿಯ ಮದುವೆ ಬಂದು ಅವನು ಕರ್ಜಗಿಗೆ ಹೊರಟ.

"ನಿಮ್ಮ ಮ್ಯಾಲ ಬಿಟ್ಟು ಹೋಗಾಕತ್ತೇನಿ," ಎಂದ. "ಊಟ ಹಾಕೂದು ಬ್ಯಾಡ. ಪಾಚಿ ಐತಿ. ನೀರು ಅಷ್ಟ ನೋಡ್ಕೊರ್ರಿ. ನಳದ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರತಾರ. ಅದನ್ನ ನನ್ನ ಪ್ಲಾಸ್ಟಿಕ್ ಬಕೀಟಿನ್ಯಾಗ ಒಂದಿನ ತೆರೆದಿಟ್ಟು, ವಾಸನಿ ಹೋದ ಮ್ಯಾಲ ಮೆಲ್ಲಕ ಹಾಕ್ರಿ."

"ಇಷ್ಟನ?"

"ಇಷ್ಟ." ಸ್ವಲ್ಪ ತಡೆದು ಹೇಳಿದ, "ಬಂದ ಮ್ಯಾಲ ನಿಮ್ಮ ಕೂಡ ಒಂದು ಮಾತಾಡೂದೈತಿ."

ಆ ಒಂದು ಮಾತು ಯಾವುದೆಂದು ತಿಳಿಯದಷ್ಟು ದಡ್ಡಿಯೇನಲ್ಲ ಮಥುರಾ. ಅವತ್ತಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ!

ಅವನ ಬಕೆಟ್ಟನ್ನು ಕೈಗೆತ್ತಿಕೊಂಡಳು. ಅಂಗಿ ಒಗೆಯುವ ಬಕೆಟ್ಟು. ತಳದಲ್ಲಿ ಜಿಡ್ಡು, ಅಂಚಿಗೆ ಕರೆ. 'ಛೀ, ಇದರಾಗ? ಬಸರಿ ಜೀವಕ್ಕ ಇಂಥಾದ್ರಾಗಿನ ನೀರ?' ಎನಿಸಿತು. ದೇವರ ಮನೆಯಲ್ಲಿ ತಾಮ್ರದ ಕೊಡಗಳಿದ್ದವು. ಅಭಿಷೇಕಕ್ಕೂ ಮನೆಯವರು ಕುಡಿಯುವುದಕ್ಕೂ ಅವುಗಳದೇ ನೀರು. ರಾತ್ರಿಯಿಡೀ ತಾಮ್ರದಲ್ಲಿದ್ದ ನೀರಿಗಿಂತ ಒಳ್ಳೆಯ ನೀರು ಉಂಟೆ? ಹೊಳಿಯವ್ವ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿಟ್ಟ ಕೊಡಗಳಲ್ಲಿ ನೀರು ತುಂಬಿಟ್ಟಳು. ಮರುಸಂಜೆ ಮೆಲ್ಲಗೆ ತೊಟ್ಟಿಗೆ ಸುರಿದಳು. ಅದರ ಮರುಸಂಜೆಯೂ ಸುರಿದಳು. ದೇವರಿಗೆ ಎರೆಯುವಷ್ಟೇ ಭಕ್ತಿಯಿಂದ.

ಅದರ ಮಾರನೆಯ ಬೆಳಿಗ್ಗೆ ಎದ್ದವಳೇ ಹಿತ್ತಲಿಗೆ ಹೋದಳು.

ಗೋಡೆಯ ಮೇಲೆ ಒಂದೂ ಇಲ್ಲ.

ಬಗ್ಗಿ ನೋಡಿದಳು. ಎಲ್ಲವೂ ತಳದಲ್ಲಿದ್ದವು. ಬೆಳ್ಳಗೆ ಬಿಳಿಚಿಕೊಂಡು, ಅಡ್ಡಡ್ಡ ಬಿದ್ದಿದ್ದವು. ಬಸುರಿಯೂ ಅದರಲ್ಲೇ ಇತ್ತು. ಬೀಸುವ ಕಾಲುಗಳು ನಿಂತಿದ್ದವು...

"ಅಯ್ಯೋ ದೇವರ..."

ಏನಾಯಿತು? ಯಾಕಾಯಿತು? ತಾನು ಸುರಿದ ನೀರಲ್ಲದೆ ಬೇರೇನೂ ತೊಟ್ಟಿಗೆ ಬಿದ್ದಿಲ್ಲ. ದೇವರ ಕೊಡದ ನೀರು ಕೊಲ್ಲುತ್ತದೆಯೇ? ಗೊತ್ತಿಲ್ಲ. ಆದರೆ ಕೊಂದದ್ದು ತಾನೇ! ತೊಟ್ಟಿಯ ಪಕ್ಕದ ಕೊಡವನ್ನೂ ಅಲ್ಲೇ ಬಿಟ್ಟು ಒಳಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಬಿಸಿಲೇರಿದ ಮೇಲೆ ಸೊಳ್ಳೆ ಔಷಧ ಹೊಡೆಯುವವರು ಓಣಿಗೆ ಬಂದರು. ಜಾನಕೀಬಾಯಿ ಒಳಗೆ ಮಲಗಿದ್ದರು. ಹಿತ್ತಲ ಬಾಗಿಲು ತೆಗೆದವಳು ಹೊಳಿಯವ್ವ. ಅವರು ತೊಟ್ಟಿಯ ಪಕ್ಕದ ದನದ ಕೊಟ್ಟಿಗೆಯ ಗೋಡೆಗೆ ಔಷಧ ಹೊಡೆದು ಹೋದರು.

ವಿರೂಪಾಕ್ಷ ಸಂಜೆ ಬಂದ. ಕೈಯಲ್ಲಿ ಮದುವೆಯ ಬುಂದೇ ಉಂಡಿಯ ಪೊಟ್ಟಣ. ತೊಟ್ಟಿಯ ಬಳಿ ನಿಂತವನು ನಿಂತೇ ಇದ್ದ. ಪೊಟ್ಟಣವನ್ನು ಕೆಳಗಿಡುವುದೂ ಅವನಿಗೆ ನೆನಪಾಗಲಿಲ್ಲ.

"ಔಷಧದವರು ಬಂದಿದ್ರಪ್ಪಾ," ಎಂದರು ಜಾನಕೀಬಾಯಿ. "ಅದ ಬಿದ್ದದ. ಈ ಹೊಳಿಯವ್ವ ಬಾಗಲಾ ತಗದಾಳ. ಏನ್ ಹೊಳಿಯವ್ವಾ, ಕಣ್ಣು ಕಾಣ್ಸೂದಿಲ್ಲೇನು ನಿನಗ? ಟಾಕಿ ಮುಚ್ಚಬೇಕಂತ ತಿಳೀಲಿಲ್ಲೇನು?"

ಹೊಳಿಯವ್ವ ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾತೋ ಯಪ್ಪಾ... ನನಗ ಹೊಳೀಲೇ ಇಲ್ಲೋ..."

ಎಷ್ಟು ಸಲೀಸಾಗಿ ಕೂಡಿಬಂದಿತ್ತು ಎಲ್ಲ! ಮಥುರಾ ಬಾಗಿಲ ಹತ್ತಿರ ನಿಂತಿದ್ದಳು. 'ಹೇಳು. ಈಗ ಹೇಳು. ಹೊಳಿಯವ್ವಂದಲ್ಲ, ನಂದು ಅಂತ ಹೇಳು...'

ವಿರೂಪಾಕ್ಷ ಅವಳತ್ತ ತಿರುಗಿದ. "ಮುಂಜಾನೆ ನೀವು ನೋಡಿದಾಗ ಚಲೋ ಇದ್ವೇನ್ರಿ?"

ಅವನ ಕಣ್ಣಲ್ಲಿ ತನ್ನ ಮೇಲಿನ ನಂಬಿಕೆ ಇತ್ತು. ಅದನ್ನು ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

"ಹೂಂ... ಇದ್ವು."

ಅಷ್ಟೇ. ಅವನು ತಲೆ ಬಗ್ಗಿಸಿದ. 

ಮರುದಿನ ಹೊಳಿಯವ್ವ ಕೆಲಸಕ್ಕೆ ಬರಲಿಲ್ಲ. ಹಲಗೇರಿಯಲ್ಲಿರುವ ಮಗಳು ಮೈಲವ್ವನ ಮನೆಗೆ ಹೋದಳಂತೆ, ಇನ್ನು ಯಾರ ಮನೆಯ ಕೆಲಸವನ್ನೂ ಮಾಡುವುದಿಲ್ಲವಂತೆ, ಮುಟ್ಟಿದ್ದೆಲ್ಲ ಕೆಡಿಸುವ ಕೈ ತನ್ನದು ಎಂದಳಂತೆ. ಓಣಿಯವರು ಹೇಳಿದರು. ತಿಂಗಳು ಮುಗಿಯುತ್ತಲೇ ವಿರೂಪಾಕ್ಷನೂ ಖೋಲಿ ಬಿಟ್ಟ. "ಬರ್ತೇನ್ರಿ," ಎಂದವನು ಅವಳ ಮುಖ ನೋಡಲಿಲ್ಲ. ಅವನು ಹೇಳಬೇಕೆಂದಿದ್ದ ಆ ಒಂದು ಮಾತು ಹೇಳದೇ ಉಳಿಯಿತು.

'ಸತ್ತದ್ದಕ್ಕ ಅವರಿಗೆ ಬ್ಯಾಸರ ಆಗೇದ. ಅದಕ್ಕ ಹೋದ್ರು,' ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ!

ಹೊಳಿಯವ್ವನ ಕೆಲಸವೆಲ್ಲ ಈಗ ಮಥುರಾಳದೇ. ಹುಣಸೆಹಣ್ಣು ಹಿಡಿದು ಕೊಡ ತಿಕ್ಕಲು ಕುಳಿತಾಗಲೆಲ್ಲ ಹೊಳಿಯವ್ವ ಗಲ್ಲ ಬಡಿದುಕೊಂಡದ್ದು ಕಣ್ಣಿಗೆ ಕಟ್ಟುತ್ತಿತ್ತು. ಶಾಲೆ ಶುರುವಾಯಿತು. ಮಕ್ಕಳಿಗೆ ಖರೇ ಮಾತಾಡಬೇಕು ಎಂದು ಹೇಳುವಾಗ ನಾಲಿಗೆ ತಡವರಿಸುತ್ತಿತ್ತು. ಊಟ ಸೇರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಅವಲಕ್ಕಿ ತಟ್ಟೆ ಇಟ್ಟು, ಸುಮ್ಮನೆ ಎದ್ದು ಒಳಗೆ ಬಂದಳು.

ಒಂದು ಭಾನುವಾರ ಬೆಳಿಗ್ಗೆ ತಡೆಯಲಾಗಲಿಲ್ಲ.

"ಅವ್ವಾ, ಹೊಳಿಯವ್ವಂದು ತಪ್ಪಿಲ್ಲ. ಔಷಧದವರು ಬರೋಕಿಂತ ಮೊದಲ ಅವು ಸತ್ತಿದ್ವು. ನಾನು ದೇವರ ಕೊಡದ ನೀರು ಹಾಕಿದ್ದೆ."

ಜಾನಕೀಬಾಯಿ ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. 

"ಆಗಿ ಹೋತು. ಈಗ ಯಾಕ ತಗೀತಿ ಅದನ್ನ? ನಾ ಅಕಿನ್ನ ಅಷ್ಟು ಬೈದೇನಿ. ಈಗ ಹೋಗಿ ಅಕಿ ಮುಂದ ಹೆಂಗ ನಿಂದರ್ಲಿ? ಸುಮ್ನ ಇರು."

"ಸುಮ್ನ ಇದ್ದು ಇದ್ದು ಸಾಯ್ಲಿಕ್ಕತ್ತೇನವ್ವಾ!"

ಬಸ್ಸು ಹತ್ತಿದಳು. ಹಲಗೇರಿಯಲ್ಲಿಳಿದು ಮೈಲವ್ವನ ಮನೆ ಕೇಳುತ್ತಾ ಹೋದಳು. ಅಂಗಳದಲ್ಲಿ ಹೊಳಿಯವ್ವ ಶೇಂಗಾ ಸುಲಿಯುತ್ತಾ ಕುಳಿತಿದ್ದಳು. ಎದುರಿಗೆ ಕಟ್ಟೆಯ ಮೇಲೆ, ಚಹಾದ ಬಟ್ಟಲು ಹಿಡಿದು...

ವಿರೂಪಾಕ್ಷ!

ಮಥುರಾ ಅಂಗಳದ ಅಂಚಿನಲ್ಲೇ ನಿಂತುಬಿಟ್ಟಳು. ಹೊಳಿಯವ್ವನ ಮುಂದೆ ಹೇಳಬಹುದು ಎಂದು ಗಟ್ಟಿಮಾಡಿಕೊಂಡು ಬಂದ ಜೀವ. ಇವನ ಮುಂದೆ? 'ಹಿಂದಕ್ಕ ಹೋಗು. ಇನ್ನೊಂದಿನ ಬಂದ್ರಾತು. ಇವರು ಇಲ್ಲದಾಗ...' ಆದರೆ ಹೊಳಿಯವ್ವ ಆಗಲೇ ಅವಳನ್ನು ನೋಡಿದ್ದಳು. ಸೆರಗು ಸರಿಮಾಡಿಕೊಂಡು, ತಪ್ಪು ಮಾಡಿದವಳಂತೆ ಎದ್ದು ನಿಂತಿದ್ದಳು.

ಆ ಎದ್ದು ನಿಂತದ್ದನ್ನು ನೋಡಿ ಮಥುರಾ ಹಿಂದಕ್ಕೆ ಹೋಗಲಾರದಾದಳು. ಓಡಿ ಹೋಗಿ ಅವಳ ಕಾಲ ಬಳಿ ಕುಳಿತಳು.

"ನಿಂದಲ್ಲ ತಪ್ಪು, ಹೊಳಿಯವ್ವ! ನಂದು. ಮುಂಜಾನೆನ ಎಲ್ಲಾ ಸತ್ತಿದ್ವು. ನಾ ನೋಡಿದ್ದೆ. ನಾ ಹಾಕಿದ ನೀರಿಗೆ ಸತ್ವು. ಇವರು ಕೇಳಿದಾಗ ಸುಳ್ಳು ಹೇಳಿದೆ... ನಿನ್ನ ಬೈಯುವಾಗ ಬಾಯಿ ಮುಚ್ಕೊಂಡು ನಿಂತೆ..."

 ಹೊಳಿಯವ್ವನ ಕೈಯಲ್ಲಿದ್ದ ಶೇಂಗಾ ಕೆಳಗೆ ಬಿದ್ದವು.

"ನೀ ನೋಡಿದ್ದಿ?" ಎಂದಳು.  "ದಿನಾ ದೀಪ ಹಚ್ಚುವಾಗ ಆ ಸಣ್ಣ ಜೀವಕ್ಕ ಕೈ ಮುಗದೇನಿ ನಾ, ಗೊತ್ತೈತೇನು? ಬಸರಿ ಹೊಟ್ಟಿ ಮ್ಯಾಲ ಹೊಡದೆ ಅಂತ ಅನ್ನ ಬಾಯಾಗ ಇಳೀಲಿಲ್ಲ ನನಗ. ನಿನ್ನ ಎತ್ತಿ ಆಡಿಸೀನಿ... ಒಂದು ಮಾತು ಹೇಳಾಕ ಆಗಲಿಲ್ಲೇನವಾ ನಿನಗ?"

ಮಥುರಾ ತಲೆ ಎತ್ತಲಿಲ್ಲ. 

"ಏಳು. ಮಣ್ಣಾಗ ಕುಂದರಬ್ಯಾಡ," ಎಂದು ಹೊಳಿಯವ್ವ ಕಣ್ಣೊರೆಸಿಕೊಂಡಳು. "ಆದ್ರ ನಾ ನಿಮ್ಮ ಮನೀಗೆ ಬರೂದಿಲ್ಲ. ಎಲ್ಲಾರ ಮುಂದ ಬೈದಾಳ ನಿಮ್ಮವ್ವ. ಅಕೀನ ಬಂದು ಕರದ್ರ ಬರ್ತೇನಿ."

"ಕರ್ಕೊಂಡು ಬರ್ತೇನಿ," ಎಂದಳು ಮಥುರಾ. ವಿರೂಪಾಕ್ಷನ ಕಡೆ ತಿರುಗಿ, ಕಣ್ಣೆತ್ತದೆ, "ನಿಮಗೂ ಸುಳ್ಳು ಹೇಳೇನಿ. ನಿಮ್ಮ ಸೀಗಡಿ ನಾನ ಕೊಂದೆ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೊರಟುಬಿಟ್ಟಳು.

ಬಸ್ ಸ್ಟ್ಯಾಂಡಿನ ಹಾದಿಯಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು.

"ನಿಂದರ್ರಿ! ಮಥುರಾ ಅವರ... ನನಗ ಗೊತ್ತಿತ್ರಿ."

ಅವಳು ನಿಂತಳು. "ಏನು?"

"ಅವತ್ತ ಸಂಜೀಕ ಗೊತ್ತಾತು. ಟಾಕಿ ಬಾಜೂಕ ತಾಮ್ರದ ಕೊಡ ಇತ್ತು. ರೈತರು ಬೆಳಿಗೆ ಹೊಡಿಯೂ ಮೈಲುತುತ್ತ ಐತೆಲ್ಲ, ಅದೂ ತಾಮ್ರನ. ಮನಷ್ಯಾರಿಗೆ, ದೇವರಿಗೆ ತಾಮ್ರದ ನೀರು ನಡೀತೈತಿ. ಸೀಗಡಿಗೆ ಅದು ವಿಷ. ಪ್ಲಾಸ್ಟಿಕ್ ಬಕೀಟು ಅಂತ ಹೇಳಿದ್ನಿ, ಯಾಕ ಅಂತ ಹೇಳ್ಲಿಲ್ಲ. ನಂದೂ ತಪ್ಪೈತಿ."

"ಗೊತ್ತಿದ್ದೂ ನನ್ನ ಕೇಳಿದ್ರಿ? ಮುಂಜಾನೆ ಚಲೋ ಇದ್ವೇನು ಅಂತ?"

"ನೀವ ಹೇಳಲಿ ಅಂತ ಕೇಳಿದ್ನಿ. ನೀವು ಹೇಳ್ಲಿಲ್ಲ. ಎದಿ ಒಡದಂಗಾತು. ಸೀಗಡಿ ಹೋದ್ರ ಹೊಳ್ಯಾಗ ಮತ್ತ ಸಿಗತಾವ. ಹೊಳಿಯವ್ವನ್ನ ಹಂಗ ನಿಂದರಿಸಿ ಸುಮ್ಮನಾದ್ರೆಲ್ಲ ನೀವು... ಅದಕ್ಕ ಖೋಲಿ ಬಿಟ್ಟೆ."

ಮಥುರಾಳ ಕಣ್ಣು ತುಂಬಿ ಬಂದವು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ... ಒಂದು ಕ್ಷಣ! ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು.

"ಹಂಗಾದ್ರ ನೀವು? ನಿಮಗೂ ಗೊತ್ತಿತ್ತಲ್ಲ. ಅಕಿ ಗಲ್ಲ ಗಲ್ಲ ಬಡ್ಕೊಳ್ಳುವಾಗ ನೀವೂ ಅಲ್ಲೇ ನಿಂತಿದ್ರಿ. ನೀವು ಯಾಕ ಹೇಳ್ಲಿಲ್ಲ?"

ವಿರೂಪಾಕ್ಷನ ಮುಖ ಬಾಡಿತು.

"ಹೇಳಿದ್ರ ನಿಮ್ಮ ಹೆಸರು ಬರತಿತ್ತು," ಎಂದ, ತೀರಾ ಸಣ್ಣ ದನಿಯಲ್ಲಿ. "ಈ ಊರ ಹೊಲಕ್ಕ ಬಂದಾಗೆಲ್ಲ ಅಕೀ ಮನೀಗೆ ಹೋಗ್ತೇನಿ. ಹೇಳಬೇಕಂತ ಬಾಯಿ ತೆಗೀತೇನಿ. ಚಹಾ ಕುಡದು ಎದ್ದು ಬರ್ತೇನಿ. ನಿಮ್ಮ ಮ್ಯಾಲ ಸಿಟ್ಟು ಮಾಡ್ಕೊಂಡು ಹೋದವ, ನಾ ಮಾಡಿದ್ದೂ ಅದನ."

 ರಾಣೆಬೆನ್ನೂರಿನ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಬಸ್ಸು ಹೋಯಿತು.

"ನಡೀರಿ," ಎಂದಳು ಮಥುರಾ.

"ಎಲ್ಲಿಗೆ?"

"ಹೊಳಿಯವ್ವನ ಮನೀಗೆ. ನಾ ಹೇಳಿ ಬಂದೆ. ಈಗ ನೀವು ಹೇಳ್ರಿ."

ಅವನು ಹೇಳಿದ. ಚಹಾದ ಬಟ್ಟಲು ಇನ್ನೂ ಕಟ್ಟೆಯ ಮೇಲೇ ಇತ್ತು. ಅದರ ಪಕ್ಕದಲ್ಲೇ ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ ಕೈ ಕಟ್ಟಿಕೊಂಡು, ಒಂದೂ ಬಿಡದೆ ಹೇಳಿದ. ಹೊಳಿಯವ್ವ ಅವನನ್ನೊಮ್ಮೆ, ಇವಳನ್ನೊಮ್ಮೆ ನೋಡಿದಳು. ಸಿಟ್ಟೋ ನಗುವೋ ತಿಳಿಯದಂಥ ಮುಖ.

"ಇಬ್ರಿಗೂ ಗೊತ್ತಿತ್ತು! ಇಬ್ರೂ ಕೂಡೇ ಈ ಮುದುಕಿ ತಲಿ ಮ್ಯಾಲ ಹೇರಿದ್ರಿ! ನಿಮ್ಮಂಥಾವ್ರಿಗೆ ಬ್ಯಾರೆ ಯಾರು ಗಂಟು ಬಿದ್ದಾರು? ಒಬ್ಬರಿಗೊಬ್ಬರು ಗಂಟು ಬೀಳ್ರಿ, ಹೋಗ್ರಿ!"

ಮೈಲವ್ವ ಒಳಗಿನಿಂದ ಕಿಸಕ್ಕನೆ ನಕ್ಕಳು. ಮಥುರಾಳಿಗೆ ಅಳುವೂ ಬಂತು, ನಾಚಿಕೆಯೂ ಬಂತು.

ಮತ್ತೆ ಅದೇ ಹಾದಿ. ಈ ಸಲ ಇಬ್ಬರೂ ಜೊತೆಗೆ ನಡೆದರು. ಹೊಲದ ಬದುವಿನಲ್ಲಿ ಬಿಸಿಲು ಏರುತ್ತಿತ್ತು.

"ನನ್ನ ಮ್ಯಾಲ ಇನ್ನೂ ಸಿಟ್ಟದೇನ್ರಿ?" ಎಂದು ಕೇಳಿದಳು.

"ನನ್ನ ಮ್ಯಾಲ ನನಗ ಐತಿ. ನಿಮ್ಮ ಮ್ಯಾಲ... ಸಿಟ್ಟಿಗಿಂತ ಬ್ಯಾರೆ ಐತಿ." ಅವನು ನಿಂತ. "ಮದುವಿ ಆಗ್ತೀಯೇನು ನನ್ನ, ಮಥುರಾ?"

ಮೊದಲ ಸಲ ಬಹುವಚನ ಬಿಟ್ಟಿದ್ದ. ಅವಳ ಎದೆ ಹೊಡೆದುಕೊಂಡ ಸಪ್ಪಳ ಅವಳಿಗೇ ಕೇಳಿಸಿತು. ಆದರೂ ಟೀಚರಮ್ಮ ತಕ್ಷಣ ಒಪ್ಪಿಬಿಡುತ್ತಾಳೆಯೇ!

"ಒಂದು ಕರಾರು. ನಾ ತಪ್ಪು ಮಾಡಿದ್ರ ಒಳಗ ಇಟ್ಕೊಂಡು ಖೋಲಿ ಬಿಟ್ಟು ಹೋಗಬಾರದು. ನನ್ನ ಮಾರಿ ಮ್ಯಾಲ ಹೇಳಬೇಕು. ಅವತ್ತಿಗವತ್ತ."

"ಹೇಳ್ತೇನಿ. ನೀ?"

"ನೀ ಕೇಳೋಕಿಂತ ಮೊದಲ ನಾ ಹೇಳ್ತೇನಿ. ಆಮ್ಯಾಲ ನಿನ್ನ ಬೈತೇನಿ."

"ನನ್ನ ಯಾಕ ಬೈತಿ?"

"ನಿಂದೂ ಇದ್ದ ಇರ್ತದಲ್ಲ ಏನರೆ!"

ಎಷ್ಟೋ ದಿನಗಳ ಮೇಲೆ ವಿರೂಪಾಕ್ಷ ನಕ್ಕ. ನಗುತ್ತಲೇ ಅವನ ಕಣ್ಣು ಒದ್ದೆಯಾದವು.

"ಬೈ," ಎಂದ. "ಬೈಕೋತ ನನ್ನ ಜೋಡಿ ಇದ್ದುಬಿಡು."

"ಮೊದಲ ನಮ್ಮ ಅವ್ವನ್ನ ಹೊಳಿಯವ್ವನ ಬಾಗಲಿಗೆ ಕರ್ಕೊಂಡು ಬರೋಣ, ನಡಿ," ಎಂದಳು ಮಥುರಾ. "ಹೊಳಿಯವ್ವ ಬಂದು ನನಗ ಅರಿಷಿಣ ಹಚ್ಚದ ನಾ ಮದುವಿ ಆಗೂದಿಲ್ಲ."